ಹೆಸರಿಲ್ಲದ ಅರುವತ್ತೆರಡು ಮೀನು

ಜನವರಿ 9, ಗುರುವಾರ. ಬೆಳಿಗ್ಗೆ 10

ಕಾಲು ದಿಂಬಿನ ಮೇಲೆ. ಲ್ಯಾಪ್‌ಟಾಪ್ ಹೊಟ್ಟೆಯ ಮೇಲೆ. ಚಾರ್ಜರಿನ ವಯರು ಬಾಗಿಲಿಗೆ ಅಡ್ಡ. ಅಮ್ಮ ಮೂರು ಸಲ ದಾಟಿದಳು, ನಾಲ್ಕನೆಯ ಸಲ ಬೈದಳು.

ಪ್ಲಾಸ್ಟರ್ ಹಾಕಿ ಇವತ್ತಿಗೆ ಹನ್ನೊಂದು ದಿನ. ಪರ್ಕಳದಲ್ಲಿ ಬಸ್ಸಿನ ಮೆಟ್ಟಿಲು ಮುಗಿಯಿತು ಎಂದುಕೊಂಡು ಕಾಲಿಟ್ಟೆ, ಇನ್ನೊಂದು ಇತ್ತು. ಪಾದದ ಎಲುಬಿನಲ್ಲಿ ಬಿರುಕು. ಬಾಡಿಗೆ ರೂಮು ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹಾಗಾಗಿ ಉಚ್ಚಿಲ, ಅಮ್ಮನ ಮನೆ. ಆರು ವಾರ ಬಸ್ಸು ಹತ್ತುವ ಹಾಗಿಲ್ಲ.

ಲ್ಯಾಬಿಗೆ ಹೋಗದೆಯೂ ಕೆಲಸ ನಡೆಯುತ್ತದೆ ಎಂಬುದೇ ಧೈರ್ಯವಾಗಿತ್ತು. ಮೀನಿನ ಫೋಟೋಗಳನ್ನು ಅಳೆಯುವ ಹಳೆಯ ಸಾಫ್ಟ್‌ವೇರ್ ಮಣಿಪಾಲದ ಲ್ಯಾಬಿನ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತದೆ. ಓಡುವುದು ಅಲ್ಲಿ, ಅದರ ಕಿಟಕಿ ನೆಟ್ಟಿನ ಮೂಲಕ ತೆರೆಯುವುದು ನನ್ನ ಹೊಟ್ಟೆಯ ಮೇಲೆ. ಒಂದು ವರ್ಷದಿಂದ ರೂಮಿನಲ್ಲಿ ಹೀಗೆಯೇ ಮಾಡುತ್ತಿದ್ದೆ. ಆದರೆ ಹಳೆಯ ಲ್ಯಾಪ್‌ಟಾಪ್ ಕೂಡ ನನ್ನ ಜೊತೆಗೇ ಬಸ್ಸಿನಿಂದ ಬಿತ್ತು. ಅದಕ್ಕೆ ಪ್ಲಾಸ್ಟರ್ ಹಾಕುವವರಿಲ್ಲ. ತಮ್ಮ ಲಕ್ಷಿತ್ ಗೆಳೆಯನಿಂದ ಬೇರೆ ತಂದುಕೊಟ್ಟ.

ಇವತ್ತು ಅದರಲ್ಲಿ ಮೊದಲ ಸಲ ತೆರೆದೆ. ಕಿಟಕಿ ಬಂತು. ಮೀನು ಬಂತು, ಚಂದ ಬಂತು. ಹೆಸರು ಇರಬೇಕಾದಲ್ಲಿ ಖಾಲಿ ಚೌಕಗಳು. ಮೆನುವಿನಲ್ಲಿ ಚೌಕ. ಅಳತೆಯ ಅಂಕಿಯೂ ಚೌಕ.

ಒಂದೊಂದು ಟ್ರೇಯಲ್ಲಿ ಒಂದೊಂದು ಮೀನು: ಅರುವತ್ತೆರಡು ಟ್ರೇ, ಅರುವತ್ತೆರಡು ಫೋಟೋ. ಯಾವುದಕ್ಕೂ ಹೆಸರಿಲ್ಲ.

ನನ್ನ ಪಿಎಚ್‌ಡಿ ಗೈಡ್ ಆನಿ ಮೇಡಂ ಈ ತಿಂಗಳ 31ಕ್ಕೆ ರಿಟೈರ್. ಎಲ್ಲ ಟೇಬಲ್, ಎಲ್ಲ ಚಿತ್ರ 27ರೊಳಗೆ ಅವರ ಕೈಸೇರಬೇಕು. ತಪ್ಪಿದರೆ ಹೊಸ ಗೈಡ್, ಹೊಸ ಕಮಿಟಿ, ಕಡಿಮೆಯೆಂದರೆ ಇನ್ನೊಂದು ವರ್ಷ. ಐದು ವರ್ಷ ಆಗಿದೆ. ಆರನೆಯದಕ್ಕೆ ನನ್ನಲ್ಲಿ ಉಸಿರಿಲ್ಲ.

ಜನವರಿ 10, ಶುಕ್ರವಾರ

ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಪೀಟರಿಗೆ ಫೋನ್ ಮಾಡಿದೆ.

"ನಿಮ್ಮ ಮೆಶಿನ್ನಲ್ಲಿ ಫಾಂಟ್ ಹೋಗಿದೆ, ಪೀಟರ್."

"ಎಂತ ಹೋಗ್ಲಿಕ್ಕೆ? ಇಲ್ಲಿ ಸರಿ ಉಂಟು ಮಾರಾಯ್ತಿ. ಎದುರು ಕೂತವರಿಗೆ ಎಲ್ಲ ಕಾಣ್ತದೆ."

"ನನಗೆ ಕಾಣುವುದಿಲ್ಲ."

"ಆಯ್ತು, ಮತ್ತೊಮ್ಮೆ ಹಾಕಿ ನೋಡ್ತೇನೆ."

ಸಂಜೆಯ ಹೊತ್ತಿಗೆ ಹಾಕಿದ. ಚೌಕಗಳು ಇದ್ದಲ್ಲಿಯೇ ಇವೆ. ಅದರ ಹಿಂದಿನ ಕಪ್ಪು ಕಿಟಕಿಯಲ್ಲಿ, ಫಾಂಟ್ ಸಿಗಲಿಲ್ಲ ಎಂದು ಒಂದೇ ಸಾಲು ಹತ್ತು ಸಲ. ಎಲ್ಲಿ ಸಿಗಲಿಲ್ಲ ಎಂದು ಹೇಳುವುದಿಲ್ಲ. ಹೇಳಿದರೆ ಅದರ ಗಂಟೇನು ಹೋಗುತ್ತಿತ್ತು?

ಜನವರಿ 13, ಸೋಮವಾರ

ಪೀಟರ್ ಮೂರನೆಯ ಸಲ ಫಾಂಟ್ ಹಾಕಿದ. ಇಡೀ ಮೆಶಿನನ್ನು ರೀಸ್ಟಾರ್ಟ್ ಮಾಡಿದ. ಅದಕ್ಕೆ ಉಳಿದವರೆಲ್ಲ ಕೆಲಸ ನಿಲ್ಲಿಸಬೇಕಾಯಿತು, ಅವರ ಕೈಯಲ್ಲಿ ಬೈಸಿಕೊಂಡ.

ಚೌಕ.

"ನಾಲ್ಕು ಅಕ್ಷರ ಕಾಣಿಸ್ಲಿಕ್ಕೆ ನಾಲ್ಕು ದಿನ ಬೇಕಾ ನಿಮಗೆ?" ಎಂದುಬಿಟ್ಟೆ.

ಅವನು ಮೆಲ್ಲಗೆ ಫೋನ್ ಇಟ್ಟ. ಬೈದಿದ್ದರೆ ಒಳ್ಳೆಯದಿತ್ತು. ಈಗ ಕಾಲು ನೋಯುವುದರ ಮೇಲೆ ಇದೂ ಒಂದು.

ಜನವರಿ 15, ಬುಧವಾರ. ಮಧ್ಯಾಹ್ನ

ಅಮ್ಮ ಒಂದು ಗಂಟೆಗೆ ಕಾಪು ಮಾರ್ಕೆಟಿನಿಂದ ಬಂದಳು. ಮೀನಿನ ಬುಟ್ಟಿ ತೊಳೆದು ಕವುಚಿಟ್ಟು, ಕೈ ಒರೆಸಿಕೊಂಡು ನನ್ನ ಮಂಚದ ತುದಿಯಲ್ಲಿ ಕೂತಳು. ಲ್ಯಾಪ್‌ಟಾಪನ್ನು ಹೀಗೆ ಹತ್ತಿರ ಬಂದು ನೋಡಿದ್ದು ಇದೇ ಮೊದಲು.

"ಐದು ವರ್ಷದಿಂದ ನೀನು ಮಾಡುವುದು ಇದಾ? ಮೀನಿನ ಫೋಟೋ ನೋಡುವುದಾ?"

"ಅಳೆಯುವುದು ಅಮ್ಮ. ಈಗ ಹೆಸರು ಕಾಣುವುದಿಲ್ಲ. ಯಾವುದು ಯಾವುದೆಂದು ಗೊತ್ತಾಗದೆ ಅಳತೆ ಬರೆಯುವುದು ಹೇಗೆ?"

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಪರದೆ ನೋಡಿದಳು.

"ಮೀನು ಕಾಣ್ತದಲ್ಲ?"

ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದೆ.

"ಇದು ಬಂಗುಡೆ. ಮುಂದೆ ಹೋಗು. ಮದ್ಮಲ್. ಮುಂದೆ. ಕಾಣೆ, ಇದು ಹಿಡಿದು ಎರಡು ದಿನ ಆಗಿದೆ, ಕಣ್ಣು ನೋಡು, ಯಾರು ಕೊಟ್ಟದ್ದು ನಿಮಗೆ?"

ನೋಟ್‌ಬುಕ್ ತೆಗೆದೆ. ಎಷ್ಟನೆಯ ಫೋಟೋ ಎಂದು ನಾನು ಎಣಿಸಿದೆ, ಅಮ್ಮ ಹೆಸರು ಹೇಳಿದಳು. ಅವಳು ತುಳುವಿನಲ್ಲಿ ಹೇಳಿದ ಹೆಸರಿನ ಎದುರು ನಾನು ಪುಸ್ತಕದ ಹೆಸರು ಬರೆದೆ. ಮೂವತ್ತು ಆಯಿತು. ಯಾವುದನ್ನೂ ಅಮ್ಮ ಎರಡು ಸಲ ನೋಡಲಿಲ್ಲ.

ಒಂದು ವಿಷಯ ಬರೆದುಬಿಡುತ್ತೇನೆ, ಇಲ್ಲಿ ಯಾರು ಓದುತ್ತಾರೆ. ಲ್ಯಾಬಿನಲ್ಲಿ ಯಾರಾದರೂ ನಿನ್ನ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದಾಗೆಲ್ಲ "ಬಿಸಿನೆಸ್" ಎಂದಿದ್ದೇನೆ. ಸುಳ್ಳಲ್ಲ. ಆದರೆ ಹೇಳುವಾಗ ಪ್ರತಿಸಲ ನನ್ನ ಅಂಗಿಯನ್ನು ನಾನೇ ಮೂಸಿ ನೋಡಿಕೊಂಡ ಹಾಗಾಗುತ್ತಿತ್ತು.

ಜನವರಿ 16, ಗುರುವಾರ

ಉಳಿದ ಮೂವತ್ತೆರಡೂ ಮುಗಿಯಿತು. ಅಮ್ಮನಿಗೆ ಖುಷಿ. "ಇನ್ನು ಎಷ್ಟು ಉಂಟು?" ಎಂದಳು. ಇಲ್ಲ ಎಂದಾಗ ಬೇಜಾರು ಮಾಡಿಕೊಂಡಳು.

ಹೆಸರು ಸಿಕ್ಕಿತು, ಆದರೆ ಅಂಕಿಯಿಲ್ಲದೆ ಅಳತೆ ಸಾಧ್ಯವಿಲ್ಲ. ಹನ್ನೊಂದು ದಿನ ಉಳಿದಿದೆ. ಪೀಟರಿಗೆ ಫೋನ್ ಮಾಡಲು ಮುಖವಿಲ್ಲ.

ಜನವರಿ 18, ಶನಿವಾರ. ಸಂಜೆ 5

ಪೀಟರನೇ ಫೋನ್ ಮಾಡಿದ. ರಜೆಯ ದಿನ ಮನೆಯಲ್ಲಿ ನನ್ನಂಥದ್ದೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದನಂತೆ. ಅವನಿಗೂ ಚೌಕ ಬಂತಂತೆ. ಅಷ್ಟು ಸಂತೋಷದಿಂದ ಚೌಕದ ಬಗ್ಗೆ ಮಾತಾಡಿದವರನ್ನು ನಾನು ನೋಡಿಲ್ಲ.

"ನಾವು ಹುಡುಕಿದ್ದೇ ತಪ್ಪು ಕಡೆ, ಹರ್ಷಿಣಿ. ಈ ಹಳೇ ಪ್ರೋಗ್ರಾಮ್ ಇಲ್ಲಿಂದ ಅಕ್ಷರ ಕಳಿಸುವುದೇ ಇಲ್ಲ. ಇಂಥ ಫಾಂಟಲ್ಲಿ ಇಂಥದ್ದು ಬರಿ ಅಂತ ಹೇಳ್ತದೆ, ಅಷ್ಟೆ. ಬರೆಯುವುದು ನಿನ್ನ ಎದುರು ಇರುವ ಲ್ಯಾಪ್‌ಟಾಪ್. ಆ ಫಾಂಟ್ ಅದರ ಹತ್ರ ಇಲ್ಲ. ನಿನ್ನ ಹಳೇದ್ರಲ್ಲಿ ಇತ್ತು, ಅದಕ್ಕೆ ಅಲ್ಲಿ ಕಾಣ್ತಿತ್ತು."

"ಅಂದ್ರೆ ನೀವು ಮೂರು ಸಲ ಹಾಕಿದ್ದು..."

"ದಂಡ. ಈಗ ನೀನು ಅಲ್ಲಿ ಹಾಕು. ನಾನು ಲೈನಲ್ಲಿ ಇರ್ತೇನೆ."

ಅವನು ಹೇಳಿದ ಹಾಗೆ ಹಳೆಯ ಫಾಂಟ್‌ಗಳ ಕಟ್ಟು ಇಳಿಸಿದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಪ್ಪತ್ತು ನಿಮಿಷ. ಸಾಫ್ಟ್‌ವೇರ್ ತೆರೆದೆ. ಚೌಕ. ಮತ್ತೆ ಅದೇ ಎಂದು ಫೋನಿನಲ್ಲಿ ಕೂಗಿದೆ.

"ಗಾಬರಿ ಬೇಡ. ಫಾಂಟ್ ಎಲ್ಲಿ ಇಟ್ಟಿದ್ದೇವೆ ಅಂತ ಪರದೆಗೆ ಹೇಳ್ಬೇಕು, ಇಲ್ಲದಿದ್ರೆ ಅದಕ್ಕೆ ಗೊತ್ತಾಗುವುದು ಹೇಗೆ? ಎರಡು ಸಾಲು ಉಂಟು, ಬರೆದುಕೋ."

ಬರೆದುಕೊಂಡೆ, ಟೈಪ್ ಮಾಡಿದೆ. ಮುಚ್ಚಿ ತೆರೆದೆ.

ಬಂತು. ಮೆನು, ಅಂಕಿ, ಹೆಸರು, ತಾರೀಕು, ಎಲ್ಲವೂ. ಐದು ವರ್ಷದಿಂದ ನೋಡಿ ನೋಡಿ ಸಾಕಾದ ಆ ಸಣ್ಣ ಕೊಂಕು ಅಕ್ಷರಗಳು ನನ್ನ ಸ್ವಂತದವರ ಹಾಗೆ ಕಂಡವು. ಅಳು ಬಂತು, ನಗುವೂ ಬಂತು.

"ಮೊನ್ನೆ ಹೇಳಿದ್ದಕ್ಕೆ ಸಾರಿ, ಪೀಟರ್. ತಪ್ಪು ಮಾಡಿದ್ದು ನನ್ನ ಲ್ಯಾಪ್‌ಟಾಪ್, ಬೈಸಿಕೊಂಡದ್ದು ನೀವು."

"ಬಿಡು. ಕಾಲು ಸರಿಯಾದ ಮೇಲೆ ಮೀನು ತಕೊಂಡು ಬಾ. ಫೋಟೋ ಅಲ್ಲ."

ಜನವರಿ 19, ಭಾನುವಾರ

ಅಮ್ಮ ಹೇಳಿದ್ದನ್ನೂ ಪರದೆಯ ಹೆಸರುಗಳನ್ನೂ ತಾಳೆ ನೋಡಿದೆ. ಕೆಲಸಕ್ಕಲ್ಲ, ತಮಾಷೆಗೆ. ಅರುವತ್ತು ಸರಿ. ಎರಡು ತಪ್ಪು, 37 ಮತ್ತು 38. ಅಮ್ಮ ಕೊಡ್ಡಾಯಿ ಎಂದದ್ದಕ್ಕೆ ಪರದೆಯಲ್ಲಿ ಕಲ್ಲೂರು, ಕಲ್ಲೂರು ಎಂದದ್ದಕ್ಕೆ ಕೊಡ್ಡಾಯಿ. ಎರಡೂ ಒಂದೇ ಕುಟುಂಬದ ಮೀನು. ಯಾರಿಗೂ ತಪ್ಪಬಹುದು.

"ಎರಡೇ ಎರಡು ತಪ್ಪಿದೆ ಅಮ್ಮ, ಪರವಾಗಿಲ್ಲ" ಎಂದೆ. ದೊಡ್ಡ ಮನಸ್ಸಿನಿಂದ.

"ತೋರಿಸು."

ತೋರಿಸಿದೆ.

"ಬಾಯಿ ದೊಡ್ಡದು ಮಾಡು. ಮುಂದೆ ಎರಡು ಕೋರೆಹಲ್ಲು ಉಂಟಾ, ಇಲ್ವಾ? ಹಲ್ಲು ಇದ್ದದ್ದು ಕಲ್ಲೂರು. ನೀನು ಆರು ವರ್ಷ ಇರುವಾಗ ಬೆರಳು ಹಾಕಿ ಕಚ್ಚಿಸಿಕೊಂಡು ಅತ್ತಿದ್ದೆ. ಸತ್ತ ಮೀನಿನ ಕೈಯಲ್ಲಿ ಕಚ್ಚಿಸಿಕೊಂಡವಳು ನೀನೊಬ್ಬಳೇ."

ಹಲ್ಲು ಇತ್ತು. ಕೊಡ್ಡಾಯಿ ಎಂದು ಹೆಸರಿದ್ದ ಫೋಟೋದಲ್ಲಿ.

ಪರದೆಯ ಹೆಸರುಗಳೆಲ್ಲ ಬಂದದ್ದು ಟ್ರೇಗಳ ಚೀಟಿಯಿಂದ, ಆ ಚೀಟಿ ಅಂಟಿಸಿದ್ದು ನಾನೇ. ಎರಡು ವರ್ಷದ ಹಿಂದೆ, ಮಲ್ಪೆ ಬಂದರಿನ ದಕ್ಕೆಯಿಂದ ಮೀನು ತಂದ ದಿನ, ವಾಸನೆ ಹತ್ತುವ ಮೊದಲು ಮುಗಿಸಬೇಕೆಂದು ಅವಸರದಲ್ಲಿ. ಆಮೇಲೆ ಎರಡು ವರ್ಷ ನಾನು ಮೀನು ನೋಡಲೇ ಇಲ್ಲ, ಚೀಟಿ ನೋಡಿದೆ. ಮೂರನೆಯ ಅಧ್ಯಾಯ ಇಡೀ ಇವೆರಡರ ವ್ಯತ್ಯಾಸದ ಮೇಲೆ ನಿಂತಿದೆ. ಹೊರಗಿನಿಂದ ಬರುವ ಪರೀಕ್ಷಕರು ಇದೇ ಕುಟುಂಬದ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಮೊದಲ ಪುಟದಲ್ಲೇ ಹಿಡಿಯುತ್ತಿದ್ದರು.

ಹೆಸರು ಕಾಣುತ್ತಿದ್ದರೆ ಅಮ್ಮನನ್ನು ನಾನು ಕೇಳುತ್ತಲೇ ಇರಲಿಲ್ಲ.

ಜನವರಿ 20, ಸೋಮವಾರ

ಆನಿ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬಾಟಲಿಗಳಲ್ಲಿಟ್ಟ ಮೀನನ್ನು ತಾವೇ ತೆಗೆದು ನೋಡಿ, ಒಂದು ಗಂಟೆಯ ನಂತರ ಫೋನ್ ಮಾಡಿದರು.

"ಚೀಟಿ ಅದಲು ಬದಲಾಗಿದೆ. ಸರಿಮಾಡ್ಲಿಕ್ಕೆ ಸಮಯ ಉಂಟು. ಯಾರು ನೋಡಿದ್ದು ಇದನ್ನು? ನೀನಂತೂ ಅಲ್ಲ."

"ನನ್ನ ಅಮ್ಮ, ಮೇಡಂ. ಕಾಪು ಮಾರ್ಕೆಟಲ್ಲಿ ಮೀನು ಮಾರ್ತಾರೆ."

"ಐದು ವರ್ಷ ಆಯ್ತು ನೀನು ನನ್ನ ಹತ್ರ ಬಂದು. ಒಂದು ಮೀನಿನ ಹೆಸರಿಗೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೇನೆ ಗೊತ್ತುಂಟಾ? ಮನೆಯಲ್ಲಿ ಅಂಥವರನ್ನು ಇಟ್ಟುಕೊಂಡು ನೀನು ಸುಮ್ಮನೆ ಕೂತಿದ್ದೀಯಲ್ಲ." ಸಿಟ್ಟೇ ಬಂದಿತ್ತು ಅವರಿಗೆ. "ಮೀನು ಗುರುತಿಸಿದವರ ಟೇಬಲ್ ಉಂಟಲ್ಲ, ಅದರಲ್ಲಿ ಅವರ ಹೆಸರು ಹಾಕು. ನನ್ನದಕ್ಕಿಂತ ಮೇಲೆ."

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಹಾಗೇ ಮಲಗಿದ್ದೆ. ಎದೆಯ ಮೇಲಿಂದ ಏನೋ ಇಳಿದಿತ್ತು. ಲ್ಯಾಪ್‌ಟಾಪ್ ಅಲ್ಲ.

ಜನವರಿ 26, ಭಾನುವಾರ. ಬೆಳಿಗ್ಗೆ 11

ಶಾಲೆಯ ಮೈಕಿನಲ್ಲಿ ಭಾಷಣ. ಮೂರನೆಯ ಅಧ್ಯಾಯ ನಿನ್ನೆ ಮುಗಿಯಿತು. ಅರ್ಥವಾಗದೆ "ಹೆಚ್ಚಿನ ಅಧ್ಯಯನ ಅಗತ್ಯ" ಎಂದು ತೇಪೆ ಹಾಕಿದ್ದ ಜಾಗದಲ್ಲಿ ಈಗ ಅಂಕಿಗಳು ತಾವಾಗಿ ಸಾಲಾಗಿ ಕೂತಿವೆ. ನಾಳೆ ಕಳಿಸುವುದು. ಒಂದು ದಿನವೂ ತಡವಿಲ್ಲ.

ಗುರುತಿಸಿದವರ ಟೇಬಲ್ ಒಂದು ಬಾಕಿ. ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದಾಳೆ. ಹೆಸರು: ಸುಂದರಿ. ಊರು: ಉಚ್ಚಿಲ. ವೃತ್ತಿ: ಮೀನು ಮಾರಾಟ. ಇಂಗ್ಲಿಷಿನಲ್ಲಿ ಇದ್ದದ್ದರಿಂದ ಬೆರಳಿಟ್ಟು ತೋರಿಸಿದೆ. "ಇದು ನಾನಾ?" ಎಂದಳು. ಹೌದು ಎಂದೆ. ಮತ್ತೊಮ್ಮೆ ತೋರಿಸಲು ಹೇಳಿದಳು.

ಕೊನೆಯ ಚೌಕ: ಅನುಭವ, ಎಷ್ಟು ವರ್ಷ. ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಂದೆ ಹೋಗುವುದಿಲ್ಲ.

"ಎಲ್ಲಿಂದ ಲೆಕ್ಕ? ನನ್ನ ಅಮ್ಮನ ಹಿಂದೆ ಹೋದಲ್ಲಿಂದವಾ, ನನ್ನದೇ ಬುಟ್ಟಿ ಇಟ್ಟಲ್ಲಿಂದವಾ?"

"ಮೀನು ನೋಡ್ಲಿಕ್ಕೆ ಕಲಿತಲ್ಲಿಂದ."

ಬೆರಳು ಮಡಚಿ ಎಣಿಸುತ್ತಿದ್ದಾಳೆ. ಒಂದು ಕೈ ಮುಗಿಯಿತು. ಎರಡನೆಯದೂ. ಮೊದಲ ಕೈಗೆ ತಿರುಗಿ ಬಂದಳು, ಲೆಕ್ಕ ತಪ್ಪಿತು. ಇಬ್ಬರೂ ನಕ್ಕೆವು. ಮತ್ತೆ ಮೊದಲಿನಿಂದ. ಎರಡು ಕೈ ಸಾಲದಂತೆ, ನನ್ನದೂ ಬೇಕಂತೆ. ಈ ಪೆನ್ನು ಕೆಳಗಿಟ್ಟು ಕೈ ಕೊಡುತ್ತೇನೆ.