ಅಣ್ಣನ ಬೆನ್ನಿನ ಕೂದಲು

ಜೂನ್ ೭, ಭಾನುವಾರ

ಹಾರ್ಬರ್‌ನಲ್ಲಿ ಒಂದು ಗಂಟೆ ಈಜು. ನೀರು ಕೊರೆಯುತ್ತಿತ್ತು. ಅದಾದರೂ ತಡೆದೇನು — ಈಜಿಗೆ ಮುಂಚಿನ ಕೆಲಸ ತಡೆಯಲಾರೆ. ಉಪ್ಪುನೀರಲ್ಲಿ ಚರ್ಮ ಉಜ್ಜಿ ಹೋಗದಂತೆ ಕ್ಲೈವ್ ಅಣ್ಣನ ಮೈಗೆ ಉಣ್ಣೆಯ ಜಿಡ್ಡು ಹಚ್ಚುವುದು. ಕತ್ತು, ಕಂಕುಳು, ಬೆನ್ನು. ಅತ್ತಿಗೆ ಒಲ್ಲೆ ಎಂದಳಂತೆ. ಪುಣ್ಯವಂತೆ. ಬೆನ್ನೆಲ್ಲ ಕರಿ ಕೂದಲು, ಡಬ್ಬಿಯೊಳಗೂ ಕೂದಲು. ಅದೇ ಡಬ್ಬಿಯಿಂದ ನಾನೂ ಹಚ್ಚಿಕೊಳ್ಳಬೇಕು. ವಾಕರಿಕೆ.

ಬೋಳಿಸಿಕೋ ಎಂದೆ.

"ದೇವ್ರು ಕೊಟ್ಟ ಸ್ವೆಟರ್ ಕಣೇ ಫ್ರೀಡಾ ಇದು. ನಿಂಗೆ ಹೊಟ್ಟೆಕಿಚ್ಚು."

ನೀರೊಳಗೆ ಕೂದಲು ಬಿಸಿ ಹಿಡಿಯುವುದಿಲ್ಲ. ಹೇಳಿ ಹೇಳಿ ಸಾಕಾಯಿತು.

ಜುಲೈ ೧೨

ರಿಲೇ ಈಜಿಗೆ ಬೆಂಗಾವಲು ದೋಣಿ ಸಿಕ್ಕಿತು! ಡೋವರ್‌ನಿಂದ ಫ್ರಾನ್ಸಿಗೆ ಕಡಲು ಈಜಿ ದಾಟುವುದು. ಆರು ಜನ, ಸರದಿಯಂತೆ ಒಂದೊಂದು ಗಂಟೆ. ಮೈ ಬೆಚ್ಚಗಿಡುವ ವೆಟ್‌ಸೂಟ್ ತೊಡುವಂತಿಲ್ಲ. ನೀರಲ್ಲಿರುವವರನ್ನು ಯಾರಾದರೂ ಮುಟ್ಟಿದರೆ ಆರೂ ಜನರ ಈಜು ರದ್ದು. ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದೇನೆ.

ಚಳಿ ತಡೆಯಲು ನಾವೆಲ್ಲ ಮೈಗೆ ಕೊಬ್ಬು ಏರಿಸುತ್ತಿದ್ದೇವೆ — ಪೈ, ಕೆನೆ, ಬಿಯರ್. ಕ್ಲೈವ್ ಇನ್ನೂ ಕಡ್ಡಿ. ತಣ್ಣೀರಿನ ಅಭ್ಯಾಸಕ್ಕೂ ಚಕ್ಕರ್. ಸ್ವೆಟರ್ ಇದೆಯಲ್ಲ...

ಆಗಸ್ಟ್ ೨೦, ಬೆಳಗ್ಗೆ, ದೋಣಿಯಲ್ಲಿ

ಕ್ಲೈವ್‌ನ ಮೊದಲ ಸರದಿ ಆಯಿತು. ಗಡಗಡ ನಡುಗುತ್ತ ಹತ್ತಿದ. ಬಟ್ಟೆ ತೊಡಲಿಲ್ಲ. ಕೂದಲು ಒಣಗಬೇಕಂತೆ, ಗಾಳಿಗೆ ಎದೆ ಬಿಟ್ಟುಕೊಂಡು ಕೂತಿದ್ದಾನೆ. ನನ್ನ ಸ್ಯಾಂಡ್‌ವಿಚ್ ಎತ್ತಿಕೊಂಡು ಅರ್ಧ ಕಚ್ಚಿ ಹಿಂದಕ್ಕೆ ಕೊಟ್ಟ. ಬ್ರೆಡ್ ಮೇಲೆ ಜಿಡ್ಡು, ಅದರಲ್ಲೊಂದು ಗುಂಗುರು ಕೂದಲು. ಥೂ. ಸಮುದ್ರಕ್ಕೆ ಎಸೆದೆ.

ಅದೇ ದಿನ, ಸಂಜೆ

ಫ್ರಾನ್ಸಿನ ದಡ ಕಾಣುತ್ತಿತ್ತು. ಕ್ಲೈವ್‌ನ ಎರಡನೇ ಸರದಿ. ಕೈ ನಿಧಾನವಾಯಿತು. ಹೇಗಿದ್ದೀಯ ಎಂದು ನಮ್ಮ ನಾಯಕಿ ನೆಸ್ಟಾ ಕೂಗಿ ಕೇಳಿದಳು.

"ಬೆಚ್ಚಗಿದೀನಿ" ಎಂದ. ತೊದಲುತ್ತ, ನಗುತ್ತ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಏಣಿಯತ್ತ ಓಡಿದೆ. ಆ ನೀರಲ್ಲಿ ನಡುಗಿ ನಡುಗಿ ಕೊನೆಗೆ ಬೆಚ್ಚಗಿದೆ ಎನ್ನುವವನು ಹೋದಂತೆಯೇ — ಚಳಿ ತಲೆಗೇರಿದ ಲಕ್ಷಣ ಅದು. ಏಣಿಗೆ ಜೋತು ಬಿದ್ದು ಕೈ ಚಾಚಿದೆ. ಮುಟ್ಟಬೇಡ ಎಂದು ನೆಸ್ಟಾ ಚೀರಿದಳು. ಮುಟ್ಟಿದೆ. ಕತ್ತು ಜಾರಿತು, ತೋಳು ಜಾರಿತು — ಎಲ್ಲ ನಾನೇ ಹಚ್ಚಿದ ಜಿಡ್ಡು. ಕೊನೆಗೆ ಬೆನ್ನಿನ ಕೂದಲನ್ನೇ ಮುಷ್ಟಿಗೆ ಸುತ್ತಿಕೊಂಡು ಎಳೆದೆ.

ಈಜು ರದ್ದು. ಕಂಬಳಿಯೊಳಗೆ ಅವನನ್ನು ಅವುಚಿಕೊಂಡು ಕೂತೆ. ನನ್ನ ಮಡಿಲಿಗೇ ವಾಂತಿ ಮಾಡಿದ. ಬೇರೆ ಯಾರೂ ಹತ್ತಿರ ಬರಲಿಲ್ಲ.

ಆಗಸ್ಟ್ ೨೪

ತಂಡದವರು ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ನೆಸ್ಟಾ ಮಾತ್ರ ಫೋನ್ ಮಾಡಿದ್ದಳು. "ಬೆಚ್ಚಗಿದೀನಿ ಅಂತ ಅವನೇ ಅಂದ್ನಲ್ಲ. ನಿಂಗೇನು ಬಂದಿತ್ತು?" ಇಟ್ಟುಬಿಟ್ಟಳು.

ಮಧ್ಯಾಹ್ನ ಕ್ಲೈವ್ ಬಂದ. ಥ್ಯಾಂಕ್ಸ್ ಹೇಳುತ್ತಾನೆ ಅಂದುಕೊಂಡೆ, ದಡ್ಡಿ. ಶರ್ಟ್ ಎತ್ತಿ ಬೆನ್ನು ತೋರಿಸಿದ. ಅಂಗೈಯಗಲ ಬೋಳು, ಕೆಂಪಗೆ.

"ಸ್ವೆಟರ್ ಆಗಷ್ಟೇ ಕೆಲ್ಸ ಶುರು ಮಾಡಿತ್ತು ಕಣೇ. ನೀನು ಕಿತ್ತಾಕ್ಬಿಟ್ಟೆ."

ಸಾಯುತ್ತಿದ್ದೆ ಎಂದು ಡಾಕ್ಟರ್ ಹೇಳಲಿಲ್ಲವೇ ಎಂದೆ. ಡಾಕ್ಟರಿಗೆ ಈಜು ಬರುವುದಿಲ್ಲವಂತೆ. ಮುಂದಿನ ವರ್ಷ ಒಬ್ಬನೇ ಈಜಿ ದಾಟಲು ದೋಣಿ ಬುಕ್ ಮಾಡಿದ್ದಾನಂತೆ. ಚೀಲದಿಂದ ಜಿಡ್ಡಿನ ಹೊಸ ಡಬ್ಬಿ ತೆಗೆದು ನನ್ನ ಮುಂದಿಟ್ಟ.

ನಾನು ಮುಚ್ಚಳ ತೆಗೆದು ನೋಡಿದೆ. ಸದ್ಯ, ಇದರಲ್ಲಿ ಇನ್ನೂ ಕೂದಲಿಲ್ಲ.