ಕೊನೆ ಸಪ್ಪೆಯಂತೆ!

ರೀ,

ಊಟ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ನಲ್ಲಿ ರಿಪೇರಿಯವನು ಬಂದರೆ ಬಚ್ಚಲು ತೋರಿಸಿ.

ನನ್ನ ತಂಗಿ ನಾಲ್ಕು ವರ್ಷ ಕೂತು ಮಾಡಿದ ವಿಡಿಯೋ ಗೇಮಿಗೆ ನಿಮ್ಮ ಪತ್ರಿಕೆಯಲ್ಲಿ ಹತ್ತಕ್ಕೆ ಎರಡು ಅಂಕ ಕೊಟ್ಟು, "ಕೊನೆಯಂತೂ ತೀರಾ ಸಪ್ಪೆ" ಎಂದು ಬರೆದಿರಿ. ಕೇಳಿದರೆ, "ವಿಮರ್ಶೆಯಲ್ಲಿ ನೆಂಟಸ್ತನ ನೋಡೋನಲ್ಲ ಕಣೇ ನಾನು" ಎಂದಿರಿ. ನಂಬಿದ್ದೆ. ನಿನ್ನೆ ನಿಮ್ಮ ಕಂಪ್ಯೂಟರಿನಲ್ಲಿ ಆ ಗೇಮ್ ತೆರೆದು ನೋಡಿದರೆ, ನೀವು ಆಡಿದ್ದು ಬರೀ ಇಪ್ಪತ್ತು ನಿಮಿಷ. ಎರಡನೇ ಹಂತವನ್ನೇ ದಾಟಿಲ್ಲ! ಅವಳು ಇನ್ನೂ ಅಳುತ್ತಿದ್ದಾಳೆ.

ನಾನೂ ನೆಂಟಸ್ತನ ನೋಡಲಿಲ್ಲ. ಎಲ್ಲವನ್ನೂ ನಿಮ್ಮ ಸಂಪಾದಕರಿಗೆ ಹೇಳಿದ್ದೇನೆ. ಸಂಜೆ ಐದಕ್ಕೆ ಅವರು ಫೋನ್ ಮಾಡಿ, ಗೇಮಿನ ಕೊನೆಯಲ್ಲಿ ಏನಾಗುತ್ತದೆಂದು ನಿಮ್ಮನ್ನು ಕೇಳುತ್ತಾರಂತೆ. ನಾನು ಆಡಿ ಮುಗಿಸಿದೆ, ಕಣ್ಣಲ್ಲಿ ನೀರು ಬಂತು. ಆದರೆ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಕಂಪ್ಯೂಟರಿನ ವೈರು ನನ್ನ ಬ್ಯಾಗಿನಲ್ಲಿದೆ.