ಮಾಸ್ತಪ್ಪಜ್ಜನಿಗೆ, ಭಾನುವಾರಕ್ಕೆ ಮೊದಲು

ಕಡಲೇರಿದ ಅರವತ್ತೆರಡನೇ ವರ್ಷ, ಎರಡನೇ ಮಳೆಗಾಲದ ಒಂಬತ್ತನೇ ದಿನ
(ನಿಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ 2147)
ಬೆನ್ನುಶಾಲೆಯ ಹಾಸ್ಟೆಲ್, ಶಿರಸಿ ದಡ

ಮಾನ್ಯ ಮಾಸ್ತಪ್ಪಜ್ಜನವರಿಗೆ,

ಮೂವತ್ತೆಂಟು ವರ್ಷದ ಮನುಷ್ಯನನ್ನು ಅಜ್ಜ ಎಂದು ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಹೆಸರು ತಾರಿಣಿ. ನಿಮ್ಮ ಮಗಳು ಪ್ರಣೀತಾಳ ಮೊಮ್ಮಗಳ ಮೊಮ್ಮಗಳು ನಾನು. ನಿಮ್ಮನ್ನು ಇನ್ನೇನೆಂದು ಕರೆಯಬೇಕೋ ಗೊತ್ತಿಲ್ಲ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಐದನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು, ಅರ್ಧ ಇಂಗ್ಲಿಷ್‌ನಲ್ಲಿ ಯೋಚಿಸುತ್ತೇನೆ, ಟೆನ್ಷನ್ ಆದರೆ ಅದೂ ಕೈಕೊಡುತ್ತದೆ. ಈಗ ಟೆನ್ಷನ್ ಆಗಿದೆ.

ನಮ್ಮಲ್ಲಿ ಹಿಂದೋಲೆ ಎಂಬ ಯಂತ್ರವಿದೆ. ಬರೆದ ಮಾತನ್ನು ಅದು ಹಿಂದಿನ ಕಾಲಕ್ಕೆ ತಳ್ಳುತ್ತದೆ. ತಲುಪಿತೋ ಇಲ್ಲವೋ ತಿಳಿಯುವ ದಾರಿ ಇಲ್ಲ. ಮೊದಲ ವರ್ಷದ ವಿದ್ಯಾರ್ಥಿಗೆ ಒಂದೇ ಒಂದು ಓಲೆ, ಅದನ್ನು ಅಭ್ಯಾಸಕ್ಕೆ ಸಿಕ್ಕ ಹಳೆಯ ರೋಗಿಗೆ ಬರೆಯಬೇಕೆಂಬುದು ನಿಯಮ. ನನಗೆ ಸಿಕ್ಕವರು ನೀವು. ಎಲ್ಲ ಸರಿಹೋದರೆ ಇದು ನೀವು ಮನೆಗೆ ಮರಳಿದ ಶನಿವಾರ ಸಂಜೆ ನಿಮ್ಮ ಫೋನಿಗೆ ಮೆಸೇಜ್ ಆಗಿ ಬರುತ್ತದೆ. ನಾಳೆ, ಅಂದರೆ ನಿಮ್ಮ ಭಾನುವಾರ ಬೆಳಿಗ್ಗೆ, ಪ್ರಣೀತಾಳಿಂದ ಬೆನ್ನು ತುಳಿಸಿಕೊಳ್ಳಬೇಕೆಂದು ಇದ್ದೀರಿ. ದಯವಿಟ್ಟು ಬೇಡ. ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಏಕೆಂದು ಮುಂದೆ ಬರೆಯುತ್ತೇನೆ.

ನೀವು ಮೀನು ಮಾರಲು ಓಡಿಸುವಂಥ ಬೈಕು ಈಗ ಇಲ್ಲ. ರಸ್ತೆಯೂ ಹೆಚ್ಚಿಲ್ಲ. ಕಡಲೇರಿ ಮುಳುಗಿದ ಕುಮಟೆಯ ಮೇಲೆ ದೋಣಿ ಹೋಗುತ್ತದೆ, ನೀವು ದಿನವೂ ಹತ್ತುತ್ತಿದ್ದ ದೇವಿಮನೆ ಘಟ್ಟದ ಕೆಳಗಿನ ತಿರುವುಗಳಲ್ಲಿ ಸಿಗಡಿ ಸಾಕುತ್ತಾರೆ. ದೂರ ಹೋಗುವವರು ತೇಲಿಯಲ್ಲಿ ಹೋಗುತ್ತಾರೆ. ತೇಲಿಯೆಂದರೆ ಹಗ್ಗದ ತೊಟ್ಟಿಲಿನಂಥ ಬಂಡಿ, ಅದರಲ್ಲಿ ಮಲಗಬಹುದು, ನಿಲ್ಲಬಹುದು, ಕೂರುವಂತಿಲ್ಲ. ಅರ್ಧ ಗಂಟೆಗೊಮ್ಮೆ ಊರಿಗೆಲ್ಲ ನಡೆಗಂಟೆ ಹೊಡೆಯುತ್ತದೆ, ಹೊಡೆದ ಕೂಡಲೇ ಪಾಠವಿರಲಿ, ಮದುವೆಯಿರಲಿ, ಎಲ್ಲರೂ ಎದ್ದು ನಲವತ್ತು ಹೆಜ್ಜೆ ನಡೆಯಬೇಕು. ನನ್ನ ಅಕ್ಕನ ಧಾರೆಯ ಹೊತ್ತಿಗೇ ಗಂಟೆ ಹೊಡೆದು ಪುರೋಹಿತರೂ ಮಂತ್ರ ಹೇಳುತ್ತಲೇ ನಡೆದರು. ಇದೆಲ್ಲ ನಿಮ್ಮ ಕಾಲದ ಬೆನ್ನುಗಳನ್ನು ನೋಡಿ ಕಲಿತದ್ದು.

ಶಾಲೆಯ ಮ್ಯೂಸಿಯಂನಲ್ಲಿ ಒಂದು ಬೈಕನ್ನು ನಡುಗುವ ಹಲಗೆಯ ಮೇಲೆ ನಿಲ್ಲಿಸಿದ್ದಾರೆ. ಹೊಸಬರೆಲ್ಲ ಅದರ ಮೇಲೆ ಎರಡು ನಿಮಿಷ ಕೂರಬೇಕು. ಹಿಂದೆ ನಿಮ್ಮದರಷ್ಟೇ ತೂಕದ, ಎಂಬತ್ತು ಕಿಲೋದ ಮೀನುಪೆಟ್ಟಿಗೆ ಕಟ್ಟಿರುತ್ತಾರೆ. ನಾನು ಇಳಿದಾಗ ಮೊಣಕಾಲು ಸೋತು, ಲ್ಯಾಬಿನ ಅಟೆಂಡರ್ ಶಾಂತಮ್ಮ ಹಿಡಿದುಕೊಂಡರು. “ಎರಡೇ ನಿಮಿಷಕ್ಕೆ ಹಿಂಗಾ ತಂಗಿ? ಅವ್ರು ದಿನಾ ನೂರಾ ಮೂವತ್ತು ಕಿಲೋಮೀಟರ್ ಹೋಗ್ತಿದ್ರಂತೆ” ಅಂದರು. ನಾನು ನಂಬಲಿಲ್ಲ. ಹದಿನಾಲ್ಕು ವರ್ಷ, ದಿನವೂ, ಹೊಂಡಗಳ ಮೇಲೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಬೇರೆ. ಅದರಿಂದ ನೀವು ಯಾವಾಗಲೂ ಒಂದು ಪಕ್ಕಕ್ಕೆ ವಾಲಿ ಕೂತಿರುತ್ತಿದ್ದಿರೆಂದು ನಿಮ್ಮ ಎಕ್ಸ್‌ರೇ ನೋಡಿ ಮೇಡಂ ಹೇಳಿದರು.

ಶಾಲೆಯ ಬಾಗಿಲಲ್ಲಿ ಒಂದು ಕಲ್ಲಿದೆ, ಅದರಲ್ಲಿ ಪುಟ್ಟ ಪಾದದ ಗುರುತು. ಶಾಲೆ ಕಟ್ಟಿದ ಪ್ರಣೀತಮ್ಮನವರ, ಅಂದರೆ ನಿಮ್ಮ ಪ್ರಣೀತಾಳ ಪಾದ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನುನೋವು ಬಿಡುತ್ತದಂತೆ, ಹಾಗೆ ಹುಟ್ಟಿದ ಆ ಕೂಸಿನ ಪಾದ ತಾಗಿ ತಂದೆಯ ಬೆನ್ನು ನೆಟ್ಟಗಾಯಿತು, ಅಲ್ಲಿಂದಲೇ ಈ ವಿದ್ಯೆ ಶುರುವಾಯಿತು ಎಂದು ಮೊದಲ ದಿನವೇ ಹೇಳಿಕೊಟ್ಟರು. ಪರೀಕ್ಷೆಗೆ ಮೊದಲು ಎಲ್ಲರೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ಹೆದರುಪುಕ್ಕಲಿ, ಕ್ಲಾಸ್ ಟೆಸ್ಟಿಗೂ ಮುಟ್ಟುತ್ತಿದ್ದೆ.

ನಿನ್ನೆ ಹಳೆಯ ಪೆಟ್ಟಿಗೆಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಪ್ರಣೀತಮ್ಮನವರ ಪೆಟ್ಟಿಗೆಯಲ್ಲಿ ನಿಮ್ಮ ಫೋನಿತ್ತು, ಅಪ್ಪನ ದನಿ ಕೇಳಲಾರೆನೆಂದು ಅವರು ಜೀವಮಾನವಿಡೀ ಆನ್ ಮಾಡದೆ ಇಟ್ಟ ಫೋನು. ಜೊತೆಗೆ ಒಂದು ನೋಟ್‌ಬುಕ್. ಅದರ ಮೊದಲ ಪುಟದಲ್ಲಿ ಒಂದೇ ಸಾಲು: “ಭಾನುವಾರ ನಾನು ತುಳಿದೆ, ಅಪ್ಪ ಮತ್ತೆ ಏಳಲಿಲ್ಲ. ನನ್ನ ಕಾಲೇ ಅಪ್ಪನ ಕಾಲು ತಿಂದಿತು.”

ನಡೆಗಂಟೆ ಹೊಡೆದದ್ದೂ ಕೇಳಲಿಲ್ಲ. ನೆಟ್ಟಗಾದ ಬೆನ್ನಿನ ಕಥೆಯನ್ನು ಯಾರು ಕಟ್ಟಿದರೋ ತಿಳಿಯದು. ನಿಜ ಇದು: ನೀವು ಆಮೇಲೆ ಮೂವತ್ತೊಂದು ವರ್ಷ ಜಗುಲಿಯ ಕುರ್ಚಿಯಲ್ಲಿ ಕೂತಿದ್ದಿರಿ, ಮೂತ್ರಕ್ಕೆ ಕೊಳವೆ ಹಾಕಿಕೊಂಡು. ಒಂಬತ್ತು ವರ್ಷದ ಆ ಹುಡುಗಿ ಅಲ್ಲಿಂದಾಚೆ ಯಾರ ಮೈಗೂ ಕಾಲು ತಾಗಿಸಲಿಲ್ಲ. ಮೊಮ್ಮಕ್ಕಳ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುತ್ತಿರಲಿಲ್ಲವಂತೆ.

ಆಮೇಲೆ ಫೋನಿನಲ್ಲಿ ಉಳಿದಿದ್ದ ವಾಯ್ಸ್ ಮೆಸೇಜುಗಳನ್ನು ಕೇಳಿದೆ. ಪರರ ಮಾತು ಕದ್ದು ಕೇಳಿದ್ದಕ್ಕೆ ಸಾರಿ. ನಾನು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಅವನ್ನೇ ಇಲ್ಲಿ ಬರೆಯುತ್ತೇನೆ. ಗುರುವಾರ ನೀವು ನಿಮ್ಮಂತೆಯೇ ಮೀನು ಮಾರುವ ಗೆಳೆಯ ಯಾಕೂಬರಿಗೆ ಹೇಳಿದ್ದು:

“ಯಾಕೂಬಾ, ಸೊಂಟದ ಕೆಳಗೆ ಎಂತದೋ ಜೋಮು ಮಾರಾಯ. ಸೀಟಿನ ಮೇಲೆ ಕೂತಿದ್ನೋ ಗಾಳಿ ಮೇಲೆ ಕೂತಿದ್ನೋ ಗೊತ್ತೇ ಆಗೂದಿಲ್ಲ.”

“ಐಸ್ ಪೆಟ್ಟಿಗೆಗೆ ಒರಗಿ ಕೂತ್ರೆ ಮತ್ತೆಂತ ಬಿಸಿ ಆಗ್ತದಾ? ಬಂಗುಡೆ ಜೊತೆ ನಿನ್ನೂ ತೂಕಕ್ಕೆ ಹಾಕೂದು, ಫ್ರೆಶ್ ಅಂತ ಹೇಳಿ.”

“ಹಂಗಾದ್ರೆ ರೇಟು ಜಾಸ್ತಿ ಹೇಳು. ಆದ್ರೂ ಒಂದು ಲೆಕ್ಕದಲ್ಲಿ ಪಾಡೇ ಆಯ್ತು. ಮೂರು ತಿಂಗ್ಳ ನೋವು ಐಸಿಗೆ ಸತ್ತೋಯ್ತು.”

ಇವತ್ತು, ಅಂದರೆ ನಿಮ್ಮ ಶನಿವಾರ ಮಧ್ಯಾಹ್ನ, ಶಿರಸಿಯಿಂದ ಹೆಂಡತಿ ಮಾದೇವಮ್ಮನಿಗೆ:

“ಬೆಳಿಗ್ಗೆಯಿಂದ ಮೂತ್ರ ಸರಿ ಹೋಗ್ಲಿಲ್ಲ ಮಾರಾಯ್ತಿ, ನಿಂತ್ರೆ ನಿಂತೇ ಇರೂದು. ಬಿಸಿಲಿಗೆ ನೀರು ಕಮ್ಮಿ ಆಯ್ತು ಕಾಣ್ತದೆ. ಎರಡೂ ಕಾಲು ಹಗುರ ಹಗುರ. ನಾಳೆ ಪ್ರಣೀತನ ಹತ್ರ ತುಳಿಸ್ಕಂಡ್ರೆ ಸಮ ಆಗ್ತದೆ.”

“ಅದಕ್ಕೂ ಕಮ್ಮಿ ಆಗ್ದಿದ್ರೆ ಸೋಮಾರ ಡಾಕ್ಟ್ರ ಹತ್ರ ಹೋಗ್ವ. ನಾಳೆ ಭಾನುವಾರ ಯಾವ ಡಾಕ್ಟ್ರು ಇರ್ತಾರೆ? ಸೀದಾ ಮನೆಗೆ ಬನ್ನಿ ನೀವು.”

ಅವರ ಹಿಂದಿನಿಂದ ಒಂದು ಸಣ್ಣ ದನಿ: “ಅಪ್ಪಾ, ಚಾಕ್ಲೇಟ್ ತಂದ್ರೆ ಮಾತ್ರ ತುಳೂದು.”

ಆ ದನಿಯ ಹುಡುಗಿಯ ಪಾದವನ್ನೇ ನಾನು ಇಷ್ಟು ದಿನ ಮುಟ್ಟಿದ್ದು.

ಅಜ್ಜ, ಅದು ಐಸಲ್ಲ. ಐಸಿನ ಜೋಮು ಬೈಕಿನಿಂದ ಇಳಿದು ಅರ್ಧ ಗಂಟೆ ಬಿಸಿಲಲ್ಲಿ ನಿಂತರೆ ಬಿಡುತ್ತದೆ. ನಿಮ್ಮದು ಗುರುವಾರದಿಂದ ಬಿಟ್ಟಿಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆ ಹಿಂದಕ್ಕೆ ಜಾರಿ, ಕಾಲಿಗೂ ಮೂತ್ರಕ್ಕೂ ಹೋಗುವ ನರಗಳ ಗೊಂಚಲನ್ನು ಒತ್ತುತ್ತಿದೆ. ನೋವು ಹೋದದ್ದು ವಾಸಿಯಾಗಿ ಅಲ್ಲ, ನರ ಸುಮ್ಮನಾಗುತ್ತಿರುವುದರಿಂದ. ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಎರಡೂ ಕಾಲು ಸೋತರೆ ಆ ದಿನವೇ ಆಸ್ಪತ್ರೆ ಸೇರಬೇಕು. ಇದು ನಮ್ಮ ಮೊದಲ ವಾರದ ಪಾಠ. ನಿಮ್ಮ ಕಾಲದ ಡಾಕ್ಟರುಗಳಿಗೂ ಗೊತ್ತಿತ್ತು, ಅವರ ಹತ್ತಿರ ನೀವು ಹೊತ್ತಿಗೆ ಸರಿಯಾಗಿ ಹೋಗಲಿಲ್ಲ ಅಷ್ಟೇ. ಭಾನುವಾರ ಡಾಕ್ಟರ್ ಇರುವುದಿಲ್ಲ ಎನ್ನಬೇಡಿ, ನಿಮಗೆ ಭಾನುವಾರದ ತನಕವೂ ಪುರಸೊತ್ತಿಲ್ಲ. ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಬೀಗ ಹಾಕುವುದಿಲ್ಲ. ಬೈಕ್ ಮುಟ್ಟದೆ ಆಂಬುಲೆನ್ಸಿಗೆ ಫೋನ್ ಮಾಡಿ. ಸೊಂಟ ನೋವು ಎಂದಷ್ಟೇ ಹೇಳಿದರೆ ಮಾತ್ರೆ ಕೊಟ್ಟು ಕಳಿಸಿಯಾರು, ಜೋಮು ಮತ್ತು ಮೂತ್ರದ ವಿಷಯವನ್ನು ನಾಚಿಕೆ ಬಿಟ್ಟು ಮೊದಲು ಹೇಳಿ.

ಎದ್ದು ನಡೆಯುವಂತಾಗಿ, ಡಾಕ್ಟರು ಒಪ್ಪಿ, ಮತ್ತೆ ಬೈಕ್ ಹತ್ತಿದರೆ ಆ ಪರ್ಸನ್ನು ಹಿಂದಿನ ಜೇಬಿನಿಂದ ತೆಗೆಯಿರಿ. ಪೆಟ್ಟಿಗೆಯ ಭಾರ ಇಳಿಸಿ, ಉಳಿದದ್ದನ್ನು ಎರಡು ಪಕ್ಕಕ್ಕೆ ಹಂಚಿ ಕಟ್ಟಿ. ಕೈ ಚಾಚಿ ಬಗ್ಗದೆ ಹ್ಯಾಂಡಲ್ ಸಿಗುವಂತೆ ಮಾಡಿಸಿ. ಹೊಂಡ ಕಂಡಾಗ ವೇಗ ಇಳಿಸಿ, ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಿ. ಘಟ್ಟದಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನಲವತ್ತು ಹೆಜ್ಜೆ ನಡೆಯಿರಿ. ಗಿರಾಕಿಗಳು ಕಾಯುತ್ತಾರೆ. ಸೊಂಟಕ್ಕೆ ಬೆಲ್ಟ್ ಬಿಗಿದು ಮಾತ್ರೆ ನುಂಗಿ ಸಂಜೆಯ ತನಕ ಓಡಿಸುವುದು ಮದ್ದಲ್ಲ.

ನೀವು ಎದ್ದು ನಡೆದರೆ ಈ ಶಾಲೆ ಇರುತ್ತದೋ ಇಲ್ಲವೋ, ಇದನ್ನು ಬರೆಯಲು ನಾನಾದರೂ ಇಲ್ಲಿರುತ್ತೇನೋ ಗೊತ್ತಿಲ್ಲ. ಆದರೂ ಕಳಿಸುತ್ತಿದ್ದೇನೆ.

ಇದು ತಡವಾಗಿ, ಸೋಮವಾರವೋ ಮಂಗಳವಾರವೋ ಆಸ್ಪತ್ರೆಯ ಹಾಸಿಗೆಯಲ್ಲಿ ನಿಮ್ಮ ಕೈ ಸೇರಿದರೆ, ಮೇಲಿನದೆಲ್ಲ ಬಿಟ್ಟುಬಿಡಿ. ಒಂದೇ ಕೆಲಸ ಮಾಡಿ. ಬಾಗಿಲ ಹತ್ತಿರ ಒಂದು ಹುಡುಗಿ ನಿಂತಿರುತ್ತಾಳೆ, ಒಳಗೆ ಬರಲು ಹೆದರಿ. ಅವಳನ್ನು ಕರೆಯಿರಿ. ಗುರುವಾರ ಯಾಕೂಬರಿಗೆ ಹೇಳಿದ್ದನ್ನು ನಿಮ್ಮ ಫೋನಿನಿಂದಲೇ ಅವಳಿಗೆ ಕೇಳಿಸಿ. ಅವಳು ಎಣಿಸಿಕೊಳ್ಳಲಿ: ಗುರುವಾರ, ಶುಕ್ರವಾರ, ಶನಿವಾರ. ಅವಳು ತುಳಿಯುವ ಮೂರು ದಿನ ಮೊದಲೇ ಇದು ಹಿಡಿದಿತ್ತು ಎಂದು ನೀವೇ ಬಾಯಿಬಿಟ್ಟು ಹೇಳಿ. ಆಮೇಲೆ ಅವಳ ಪಾದ ಎತ್ತಿ ನಿಮ್ಮ ಮಡಿಲಲ್ಲಿ ಇಟ್ಟುಕೊಳ್ಳಿ.

ನಿಮ್ಮ,
ತಾರಿಣಿ